ಹಿಡಿಕೆ ಯಾರ ಮನೆಯಲ್ಲಿದೆ

ನಮ್ಮ ಉಪಕಾಲುವೆಯ ಗೇಟು ತಿರುವುವ ಹಿಡಿಕೆ ಇರುವುದು ಒಂದೇ. ಮೊಳದುದ್ದದ ಕಬ್ಬಿಣ, ತುದಿಯಲ್ಲಿ ಬಾಗಿದ್ದು, ಊರಿನ ಕೈಗಳೆಲ್ಲ ಹಿಡಿದು ನುಣ್ಣಗಾದದ್ದು. ಕಾಲುವೆ ಬಂದ ಹೊಸತರಲ್ಲಿ ಹಿರಿಯರು ಅದಕ್ಕೊಂದು ಕಟ್ಟಳೆ ಮಾಡಿಟ್ಟಿದ್ದರು. ಹಿಡಿಕೆ ಈ ವಾರ ಒಬ್ಬರ ಮನೆಯಲ್ಲಿದ್ದರೆ ಮುಂದಿನ ವಾರ ಇನ್ನೊಬ್ಬರ ಮನೆಯಲ್ಲಿ. ಅದನ್ನು ತೂಗುಹಾಕಲೆಂದೇ ಎಲ್ಲರ ಬಾಗಿಲ ಪಕ್ಕದಲ್ಲೂ ಒಂದು ಮೊಳೆ. ಹಿಡಿಕೆ ಯಾರ ಮನೆಯಲ್ಲಿರುತ್ತದೋ ಆ ವಾರ ಅವರ ಗದ್ದೆಯ ತೂಬು ಮುಚ್ಚಿರಬೇಕು. ಊರಿಗೆಲ್ಲ ನೀರು ಬಿಡುವವನು ತನ್ನ ಗದ್ದೆಗೆ ಬಿಟ್ಟುಕೊಳ್ಳುವಂತಿಲ್ಲ. ಯಾರ ಪಾಳಿ ಯಾವಾಗ ಅನ್ನುವುದನ್ನು ನಾಟಿಗೆ ಮೊದಲು ಚೀಟಿ ಎತ್ತಿ ಗೊತ್ತು ಮಾಡುತ್ತಿದ್ದರು.

ನಮ್ಮ ಮನೆಯ ಆ ಮೊಳೆಗೆ ಈಗ ನನ್ನ ಗಂಡ ಯಂಕೇಶ ಒಂದು ಕ್ಯಾಲೆಂಡರ್ ತೂಗುಹಾಕಿದ್ದಾನೆ. ಅದರ ಮೇಲೆ ಗಾಳೇಶನ ಫೋಟೋ ಇದೆ. ಕೈ ಮುಗಿದು ನಿಂತಿದ್ದಾನೆ. ಹಿಂದೆ ಹಸಿರು ಗದ್ದೆ.

ಗಾಳೇಶ ಆಕಾಶದಿಂದ ಇಳಿದು ಬಂದವನಲ್ಲ. ಅವನನ್ನು ಮಾಡಿದ್ದು ನಮ್ಮೂರು. ಅದನ್ನು ಈ ಊರಿನವರು ಒಪ್ಪುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಕಾಲುವೆಯ ಮೇಲ್ಭಾಗದಲ್ಲಿ ಗದ್ದೆ ಇರುವವನು ಕರಿಬಸಪ್ಪ. ನಾವು ಕೊನೆಯಲ್ಲಿದ್ದೇವೆ. ಕರಿಬಸಪ್ಪ ಕಾಲುವೆಗೆ ಕಲ್ಲು ಇಟ್ಟು, ಮರಳಿನ ಚೀಲ ಒಗೆದು, ತನ್ನ ಪಾಳಿ ಮುಗಿದ ಮೇಲೂ ನೀರು ತಿರುಗಿಸಿಕೊಳ್ಳುತ್ತಿದ್ದ. ಕೇಳಲು ಹೋದವರನ್ನು ಅಂಗಳದಲ್ಲೇ ನಿಲ್ಲಿಸಿ, ಹಲ್ಲುಜ್ಜುತ್ತ ಮಾತಾಡುತ್ತಿದ್ದ. ಬೇವಿನ ಕಡ್ಡಿ ಬಾಯಲ್ಲಿ, ಉಗುಳು ನಮ್ಮ ಕಾಲ ಬಳಿ. ನನ್ನ ಗಂಡ ಎಷ್ಟೋ ಸಲ ಹಾಗೆ ನಿಂತು ಬಂದಿದ್ದಾನೆ. ಬಂದು ನನ್ನ ಮೇಲೆ ಕೂಗಾಡಿದ್ದಾನೆ. ಮೀಟಿಂಗು ಕರೆದರೆ ಜಗಳ. ಒಬ್ಬ ಎದ್ದರೆ ಇನ್ನೊಬ್ಬ ಕೂರಿಸುತ್ತಿದ್ದ. ಇಲಾಖೆಯವರಿಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕಟ್ಟಳೆ ಇತ್ತು, ಅದನ್ನು ಮುರಿದವನನ್ನು ಎಲ್ಲರೂ ಸೇರಿ ಹಿಡಿದು ನಿಲ್ಲಿಸಬೇಕಿತ್ತು. ಸೇರುವುದೇ ಬೇಸರವಾಗಿತ್ತು ಇವರಿಗೆ.

ಗಾಳೇಶ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿಯಾಗಿದ್ದು, ಅಲ್ಲಿ ಯಾರ ಜೊತೆಗೋ ಹೊಡೆದಾಡಿ ಊರಿಗೆ ಬಂದವನು. ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ಸೋತಿದ್ದ. ಹಮಾಲರ ಗದ್ದಲದ ನಡುವೆ ಕೇಳಿಸುವಂಥ ಗಂಟಲು ಅವನದು. ಅವನು ಮಾಡಿದ ಮೊದಲ ದೊಡ್ಡ ಕೆಲಸವನ್ನು ನಾನು ಮೊಬೈಲಿನಲ್ಲಿ ನೋಡಿದೆ. ಆಗ ನಾನು ಕಾಲುವೆಯಿಲ್ಲದೆ ಮಳೆಯನ್ನೇ ನಂಬಿದ ಯಲಬುರ್ಗಾದ ತವರಿನಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದೆ. ನನ್ನ ಗಂಡನೇ ವಿಡಿಯೋ ಕಳಿಸಿದ.

ಕರಿಬಸಪ್ಪ ಬಿಳಿ ಧೋತರದಲ್ಲಿ ಕಾಲುವೆಯೊಳಗೆ ಮೊಣಕಾಲುದ್ದ ನೀರಲ್ಲಿ ನಿಂತಿದ್ದಾನೆ. ತಾನು ಇಟ್ಟ ಕಲ್ಲುಗಳನ್ನು ತಾನೇ ಎತ್ತಿ ದಡಕ್ಕೆ ಹಾಕುತ್ತಿದ್ದಾನೆ. ಮುದುಕ, ಉಸಿರು ಹತ್ತಿದೆ. ದಡದ ಮೇಲೆ ಗಾಳೇಶ, ಊರನ್ನೆಲ್ಲ ಬೆನ್ನ ಹಿಂದೆ ನೆರೆಸಿಕೊಂಡು, ಕೈ ಕಟ್ಟಿ ನಿಂತಿದ್ದಾನೆ. ಕಲ್ಲು ಮುಗಿದ ಮೇಲೆ ಕಿವಿ ಹಿಡಿಸಿ, "ನೀರು ಊರಿಂದು ಅನ್ನು" ಅಂದ. ಕರಿಬಸಪ್ಪ ಅಂದ. "ಕೇಳಿಸ್ಲಿಲ್ಲ" ಅಂದ ಗಾಳೇಶ. ಕರಿಬಸಪ್ಪ ಮತ್ತೆ ಅಂದ. ಊರಿಗೆ ಊರೇ ನಗುತ್ತಿತ್ತು. ಆ ನಗೆಯಲ್ಲಿ ಎಲ್ಲಕ್ಕಿಂತ ಜೋರಾದದ್ದು ನನ್ನ ಗಂಡನದು. ಮದುವೆಯಾದಾಗಿನಿಂದ ಅವನು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಕೊಪ್ಪಳಕ್ಕೊಂದು ಬಸ್ಸು, ಗಂಗಾವತಿಗೊಂದು ಬಸ್ಸು ಹಿಡಿದು ಊರಿಗೆ ಬಂದವಳೇ ಕೇಳಿದೆ.

"ಮುದುಕ ಮನುಷ್ಯಾಗ ಕಿವಿ ಹಿಡಿಸಿದ್ದು ಯಾಕ?"

"ಕಲ್ಲು ಇಟ್ಟಿದ್ದಕ್ಕ."

"ಕಲ್ಲು ತಗಸ್ರಿ, ದಂಡ ಹಾಕ್ರಿ. ಕಿವಿ ಹಿಡಿಸಿದ್ರ ನೀರು ಹೆಚ್ಚು ಬರ್ತೈತೇನು?"

"ನಿನಗ ತಿಳಿಯಂಗಿಲ್ಲ. ನೀ ಮಳಿ ನೋಡ್ಕೊಂತ ಬೆಳದಾಕಿ. ಕಾಲುವಿ ಸಿಟ್ಟು ನಿನಗೇನ್ ಗೊತ್ತು?"

ಗೊತ್ತಿತ್ತು. ಅವನಿಗೆ ಆ ದಿನ ಬೇಕಾಗಿದ್ದದ್ದು ನೀರಲ್ಲ. ಅಂಗಳದಲ್ಲಿ ನಿಂತು ಉಗುಳು ನೋಡಿದ್ದಕ್ಕೆ ಬದಲು ಬೇಕಾಗಿತ್ತು. ಗಾಳೇಶ ಅದನ್ನು ಕೊಟ್ಟ. ನೀರಿಗಿಂತ ಮೊದಲು ಅದನ್ನೇ ಕೊಟ್ಟ.

ನೀರೂ ಬಂತು, ಸುಳ್ಳು ಹೇಳುವುದಿಲ್ಲ. ಆ ವರ್ಷ ನಮ್ಮ ಕೊನೆಯ ಗದ್ದೆಗೂ ಕೆಂಪು ನೀರು ತುಂಬಿ ಹರಿಯಿತು. ಬೆಳೆ ಛಲೋ ಬಂತು. ಸುಗ್ಗಿ ಮುಗಿದ ಮೇಲೆ ಸೊಸೈಟಿ ಗೋದಾಮಿನ ಮುಂದೆ ಮೀಟಿಂಗು. ಗಾಳೇಶ ಹಿಡಿಕೆ ಬೇಕು ಅಂತ ಬಾಯಿ ಬಿಡಲಿಲ್ಲ. ಅದೇ ಅವನ ಹುಷಾರಿ. ಎದ್ದು ನಿಂತವನು ನನ್ನ ಗಂಡ.

"ಹಿಡಿಕಿ ಗಾಳೇಶಣ್ಣನ ಮನ್ಯಾಗ ಇರ್ಲಿ. ಚೀಟಿ ಬ್ಯಾಡ, ಜಗಳ ಬ್ಯಾಡ. ಯಾರಿಗೆ ಎಷ್ಟು ನೀರು ಅಂತ ಆತ ನೋಡ್ಕೋತಾನ."

"ಛೇ ಛೇ, ನನಗ್ಯಾಕ್ರಪಾ ಅದು?" ಅಂದ ಗಾಳೇಶ, ಕೈ ಮುಗಿದು. "ನಾ ನಿಮ್ಮ ಆಳು. ನನಗ ಏನೂ ಬ್ಯಾಡ."

ಬೇಡ ಅಂದಷ್ಟೂ ಇವರು ದುಂಬಾಲು ಬೀಳುತ್ತ ಹೋದರು. ಕೊನೆಗೆ ಹಲಗೆ ಬಾರಿಸಿಕೊಂಡು ಹೋಗಿ ಅವನ ಮನೆಗೆ ಹಿಡಿಕೆ ಕೊಟ್ಟು ಬಂದರು. ಒಂದು ಹಂಗಾಮಿಗೆ ಅಂತ ಮಾತು. ದಾರಿಯಲ್ಲಿ ನಾನು ನನ್ನ ಗಂಡನಿಗೆ, "ಹಂಗಾಮು ಮುಗಿದ ಮ್ಯಾಲೆ ಯಾರು ಇಸ್ಕೊಳ್ಳಾವ್ರು?" ಅಂತ ಕೇಳಿದೆ. ಅವನು ನನ್ನ ಮುಖ ನೋಡದೆ ಮುಂದೆ ಮುಂದೆ ನಡೆದ.

ಯಾರೂ ಇಸಿದುಕೊಳ್ಳಲಿಲ್ಲ.

ಹಾಲೇಶ ಅಂತ ಒಬ್ಬನಿದ್ದ. ಊರಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. "ಏ ಇವನ, ಇಲ್ಲಿ ಬಾ" ಅನ್ನುತ್ತಿದ್ದರು. ಗಾಳೇಶ ಅವನ ಕೊರಳಿಗೊಂದು ಸೀಟಿ ಹಾಕಿ, ಕಾಲುವೆ ಕಾಯಲು ನಿಲ್ಲಿಸಿದ. ಈಗ ಹಾಲೇಶ ಬದುವಿನ ಮೇಲೆ ಬಂದರೆ ದೊಡ್ಡವರು ಬೀಡಿ ಆರಿಸುತ್ತಾರೆ. ಅವನು ಗಾಳೇಶನಿಗಾಗಿ ಪ್ರಾಣ ಕೊಡುತ್ತಾನೆ, ಅದರಲ್ಲಿ ಆಶ್ಚರ್ಯವಿಲ್ಲ. ಅವನಿಗೆ ಹೆಸರು ಕೊಟ್ಟವನು ಗಾಳೇಶ. ಅಷ್ಟು ವರ್ಷ ಕೊಡದೇ ಇದ್ದವರು ನಾವು.

ಆಮೇಲೆ ಕರಿಬಸಪ್ಪ. ಕಿವಿ ಹಿಡಿದು ನಿಂತಿದ್ದ ಅದೇ ಕರಿಬಸಪ್ಪ ಒಂದು ದಿನ ಗಾಳೇಶನ ಪಡಸಾಲೆಯಲ್ಲಿ ಪಕ್ಕದ ಕುರ್ಚಿಗೆ ಬಂದು ಕೂತ. ಅವನ ಗದ್ದೆಗೆ ಮೊದಲಿನ ಹಾಗೇ ನೀರು ಹರಿಯತೊಡಗಿತು. ಈ ಸಲ ಕಲ್ಲು ಇಡುವ ಕಷ್ಟವೂ ಇಲ್ಲ. ಊರಿನವರು ಇದನ್ನು ನೋಡಿ ಏನಂದರು ಗೊತ್ತೇ? "ನೋಡ್ರಿ, ಅಂಥಾ ಕರಿಬಸಪ್ಪನ್ನ ಹೆಂಗ ಮೆತ್ತಗ ಮಾಡ್ಯಾನ!" ಅಂದರು. ಗಾಳೇಶ ಹೇಳಬೇಕಾದ ಸುಳ್ಳನ್ನು ಇವರೇ ಹೊಸೆದು, ಇವರೇ ನಂಬಿದರು.

ಈ ವರ್ಷ ನಾಟಿಗೆ ಮೊದಲು ಮೀಟಿಂಗಿನಲ್ಲಿ ನಜೀಬ ಎದ್ದು ನಿಂತು, "ಚೀಟಿ ಯಾವಾಗ ಎತ್ತೋಣ್ರಿ?" ಅಂತ ಕೇಳಿದ. ನಜೀಬನ ಗದ್ದೆ ನಮ್ಮ ಗದ್ದೆಯ ಪಕ್ಕದ್ದು, ಅವನೂ ಕೊನೆಯವನೇ. ಜಗಳ ತೆಗೆಯುವ ದನಿಯಲ್ಲಿ ಕೇಳಲಿಲ್ಲ ಅವನು, ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ ಹಾಗೆ ಕೇಳಿದ. ಗಾಳೇಶ ನಕ್ಕ. ಅವನು ನಕ್ಕದ್ದು ನೋಡಿ ಎಲ್ಲರೂ ನಕ್ಕರು. ನಾಟಿ ಮುಗಿದ ಮೇಲೆ ನಜೀಬನ ತೂಬಿಗೆ ನೀರು ಬರಲಿಲ್ಲ. ಕಸ ಸಿಕ್ಕೈತಿ ಅಂದರು. ಮುಂದಿನ ಪಾಳಿಗೂ ಕಸವೇ. ಅವನು ಗದ್ದೆಯ ಆಸೆ ಬಿಟ್ಟು ಗಂಗಾವತಿಗೆ ಹಮಾಲಿಗೆ ಹೋದ. ಅವನ ಹೆಂಡತಿ ಇರ್ಫಾನಾ ಕೊಡದಲ್ಲಿ ನೀರು ಹೊತ್ತು ಒಂದು ಮೂಲೆಯ ಪೈರನ್ನಾದರೂ ಉಳಿಸಿಕೊಳ್ಳಲು ನೋಡುತ್ತಿದ್ದಳು. ಭತ್ತದ ಗದ್ದೆಗೆ ಕೊಡದಲ್ಲಿ ನೀರು! ಹಾಲೇಶ ಬದುವಿನ ಮೇಲೆ ಕೂತು ನೋಡುತ್ತಿದ್ದ.

"ರೇಣುಕಕ್ಕಾ, ನಿಮ್ಮ ಗದ್ದಿ ಹೆಚ್ಚಾದ ನೀರರ ಈ ಕಡಿ ಬಿಡ್ರಿ," ಅಂದಳು.

ನಾನು ಸಲಿಕೆ ಎತ್ತಿದೆ. ನನ್ನ ಗಂಡ ಓಡಿ ಬಂದು ಕೈ ಹಿಡಿದ. "ಅವರ ವಿಷಯ ನಮಗ್ಯಾಕ? ಗಾಳೇಶಣ್ಣ ಏನೋ ವಿಚಾರ ಮಾಡೇ ಬಂದ್ ಮಾಡಿರ್ತಾನ."

ಸಲಿಕೆಯನ್ನು ಅಲ್ಲೇ ಒಗೆದು ಸೀದಾ ಗಾಳೇಶನ ಮನೆಗೆ ಹೋದೆ. ಬಾಗಿಲ ಪಕ್ಕದ ಮೊಳೆ ಖಾಲಿ ಇತ್ತು. ಹಿಡಿಕೆ ಒಳಗೆ ಪಡಸಾಲೆಯ ಗೋಡೆಗೆ ಹೋಗಿತ್ತು. ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡಿದ್ದರು. ಮನೆಯ ಹಿಂದಿನ ಅವನ ಗದ್ದೆಗೆ ನೀರು ಗಳಗಳ ಬೀಳುವ ಸದ್ದು ಅಲ್ಲಿಗೇ ಕೇಳುತ್ತಿತ್ತು.

"ಬರ್ರಿ ಅಕ್ಕಾ, ಕುಂದರ್ರಿ. ಚಾ ಕುಡೀರಿ," ಅಂದ ಗಾಳೇಶ.

"ಚಾ ಬ್ಯಾಡ. ಹಿಡಿಕಿ ನಿಮ್ಮ ಮನ್ಯಾಗೈತಿ. ನಿಮ್ಮ ತೂಬು ಯಾಕ ತೆರದೈತಿ?"

ಪಡಸಾಲೆಯಲ್ಲಿದ್ದ ಮಂದಿ ಅವನ ಕಡೆ ತಿರುಗಿದರು. ಗಾಳೇಶ ಸಿಟ್ಟು ಮಾಡಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದ: "ಆ ಕಟ್ಟಳಿ ಇದ್ದಾಗ ನಿಮ್ಮ ಗದ್ದಿಗೆ ನೀರು ಬಂದಿತ್ತೇನ್ರಿ? ನಾ ಬಂದ ಮ್ಯಾಲೆ ಬಂತು. ಹಂಗಾರ ಕಟ್ಟಳಿ ದೊಡ್ಡದೋ, ನಾ ದೊಡ್ಡಾಂವೋ? ನೀವ ಹೇಳ್ರಿ."

"ನಜೀಬನ ಗದ್ದಿ ಒಣಗಾಕತ್ತೈತಿ. ಅದನ್ನ ಹೇಳ್ರಿ ಮೊದಲು."

"ಯಲಬುರ್ಗಾದಾಕಿ ಬಂದು ನಮಗ ಕಾಲುವಿ ಪಾಠ ಮಾಡಾಕತ್ತಾಳ," ಅಂದ ಪಕ್ಕದ ಕುರ್ಚಿಯ ಕರಿಬಸಪ್ಪ.

"ಕಿವಿ ಈಗ ನೋಯಂಗಿಲ್ಲೇನ್ರಿ ಯಜಮಾನ್ರ?" ಅಂದೆ.

ಒಬ್ಬನೂ ನಗಲಿಲ್ಲ. ಗಾಳೇಶನ ಮುಖದ ಮೇಲಿನ ನಗೆ ಮಾತ್ರ ಹಾಗೇ ಇತ್ತು. ಆ ನಗೆ ಕಂಡಾಗಲೇ ನನಗೆ ನಮ್ಮ ಗದ್ದೆ ನೆನಪಾಯಿತು.

ಮುಂದಿನ ಪಾಳಿಗೆ ನಮ್ಮ ತೂಬಿನಲ್ಲೂ ಕಸ ಸಿಕ್ಕಿತು.

ಪೈರು ಹೊಡೆ ಕಟ್ಟಿತ್ತು. ತೆನೆ ಇನ್ನೂ ಎಲೆಯ ಹೊಟ್ಟೆಯೊಳಗಿತ್ತು. ಆ ಹೊತ್ತಿಗೆ ನೀರು ತಪ್ಪಿದರೆ ತೆನೆ ಹೊರಗೆ ಬಂದರೂ ಜೊಳ್ಳು. ನೆಲ ಬಿರಿಯತೊಡಗಿತು. ನನ್ನ ಗಂಡ ದಿನಾ ಬೆಳಿಗ್ಗೆ ಗಾಳೇಶನ ಅಂಗಳದಲ್ಲಿ ಹೋಗಿ ನಿಂತ. ಕರಿಬಸಪ್ಪನ ಅಂಗಳದಲ್ಲಿ ನಿಂತ ಹಾಗೇ ನಿಂತ. ಈ ಅಂಗಳದಲ್ಲಿ ಮಾತ್ರ ಅವನಿಗೆ ಅವಮಾನ ಅನ್ನಿಸಲಿಲ್ಲ. ಯಾಕೆಂದರೆ ಈ ಧಣಿಯನ್ನು ತಾನೇ ಆರಿಸಿದ್ದ.

ಒಂದು ದಿನ ಮಧ್ಯಾಹ್ನ ನಗುನಗುತ್ತ ಬಂದ.

"ಒಪ್ಪಿದ. ನೀರು ಬಿಡ್ತಾನ. ನೀ ಒಂದು ಮಾತು ಅಂದ್ರ ಸಾಕು."

"ಏನ್ ಮಾತು?"

"ನಾಳಿ ಮುಂಜಾನಿ ಗೇಟಿನ ಹತ್ರ ಬಂದು, ಕಾಲುವ್ಯಾಗ ಇಳದು, ತಪ್ಪಾತು ಅನ್ನಬೇಕು. ಅಷ್ಟ. ಮಂದಿ ಇರ್ತಾರ."

"ಮೊಬೈಲ್ ಹಿಡ್ಕೊಂಡು ಇರ್ತಾರ."

"ಇರ್ಲೇಳು. ಒಂದು ಮಾತಿಗೆ ಬೆಳಿ ಉಳಿತೈತಿ ರೇಣುಕಾ. ಹೊಟ್ಟಿ ಮುಖ ನೋಡು."

"ಕರಿಬಸಪ್ಪ ಕಿವಿ ಹಿಡದಾಗ ನಕ್ಕಿದ್ದಿಯಲ್ಲ, ನಾಳಿನೂ ನಗ್ತೀಯೇನು?"

ಅವನು ಕಣ್ಣು ಕೆಳಗೆ ಹಾಕಿದ. "ಗಾಳೇಶಣ್ಣ ಇಲ್ಲಂದ್ರ ಮತ್ತ ಕರಿಬಸಪ್ಪ ಬರ್ತಾನ," ಅಂದ.

"ಕರಿಬಸಪ್ಪ ಎಲ್ಲಿ ಹೋಗ್ಯಾನ? ಅವನ ಪಕ್ಕದ ಕುರ್ಚಿಮ್ಯಾಲೇ ಕುಂತಾನ!"

ಅವನು ಕೈ ಜೋಡಿಸಿದ. ನನ್ನ ಗಂಡ ನನ್ನ ಮುಂದೆ ಕೈ ಜೋಡಿಸಿದ್ದು ಅದೇ ಮೊದಲು, ಅದೂ ಇನ್ನೊಬ್ಬನ ಕಾಲಿಗೆ ನನ್ನನ್ನು ಬೀಳಿಸಲು. "ಬರ್ತೀನಿ" ಅಂದೆ. ಬಂದು ಏನು ಮಾಡುತ್ತೇನೆ ಅಂತ ಹೇಳಲಿಲ್ಲ.

ಬೆಳಿಗ್ಗೆ ಗೇಟಿನ ಹತ್ತಿರ ಊರು ನೆರೆದಿತ್ತು. ಮೀಟಿಂಗಿಗೆ ಬರಲು ಬೇಸರ ಪಡುವವರು ಇದಕ್ಕೆ ಮುಖ ತೊಳೆದುಕೊಂಡು ಬಂದಿದ್ದರು. ಹೆಂಗಸರೂ ಇದ್ದರು. ನನ್ನ ಜೊತೆ ನಾಟಿ ಹಚ್ಚಿದವರು, ನನ್ನ ಎಲೆ ಅಡಿಕೆ ತಿಂದವರು. ಇರ್ಫಾನಾ ದೂರದಲ್ಲಿ ಜಾಲಿ ಗಿಡದ ಕೆಳಗೆ ನಿಂತಿದ್ದಳು. ಗಾಳೇಶ ಹಿಡಿಕೆಯನ್ನು ಹೆಗಲ ಮೇಲೆ ಇಟ್ಟುಕೊಂಡು ನಿಂತಿದ್ದ.

"ಇಳೀರಿ ಅಕ್ಕಾ. ನೀರು ಜಾಸ್ತಿ ಇಲ್ಲ, ಹೆದರಬ್ಯಾಡ್ರಿ," ಅಂದ. ಮಂದಿ ಕಿಸಕ್ಕನೆ ನಕ್ಕರು.

ನಾನು ದಡದ ಮೇಲೇ ನಿಂತೆ. "ತಪ್ಪಾತು ಅನ್ನಾಕ ಬಂದಿಲ್ಲ. ಕೇಳಾಕ ಬಂದೀನಿ. ನಿನಗಲ್ಲ, ಇವರಿಗೆ. ಮುಂದಿನ ವಾರ ಹಿಡಿಕಿ ಯಾರ ಮನಿಗೆ?"

ಮುಂದಿದ್ದವರು ಒಬ್ಬರ ಹಿಂದೊಬ್ಬರು ಸರಿದು ನಿಂತರು.

"ನಿಮ್ಮ ಬಾಗಲಾಗ ಮೊಳಿ ಅದಾವಿಲ್ಲೋ? ಒಬ್ರರ ಹೇಳ್ರಿ. ನಜೀಬನ ಗದ್ದಿ ಒಣಗಿತು, ನೀವು ಕಸ ಅಂದ್ರಿ. ನಮ್ಮದು ಒಣಗಾಕತ್ತೈತಿ, ಕಸ ಅಂತೀರಿ. ನಿಮ್ಮದು ಒಣಗಿದಾಗ ಯಾರು ಏನ್ ಅಂತಾರ? ನನ್ನ ಮನಿಗೆ ಬ್ಯಾಡ. ನಿಮ್ಮ ಯಾರ ಮನಿಗರ ಒಯ್ಯಿರಿ. ಒಂದು ವಾರ!"

ಗಾಳೇಶ ಹಿಡಿಕೆಯನ್ನು ಹೆಗಲಿನಿಂದ ಇಳಿಸಿದ. ಎಲ್ಲರನ್ನೂ ಒಮ್ಮೆ ನೋಡಿದ. ಆಮೇಲೆ ಅದನ್ನು ತನ್ನ ಮತ್ತು ಮಂದಿಯ ನಡುವಿನ ಕೆಸರಿಗೆ ಒಗೆದ.

"ತಗೋರಿ. ಯಾರಿಗೆ ಬೇಕು ತಗೋರಿ. ಆದ್ರ ಮತ್ತ ಜಗಳ ಹತ್ತಿದ್ರ, ನೀರು ಬರಲಿಲ್ಲಂದ್ರ, ಗಾಳೇಶಾ ಅಂತ ನನ್ನ ಬಾಗಲಕ್ಕ ಬರಬ್ಯಾಡ್ರಿ."

ಹಿಡಿಕೆ ಕೆಸರಲ್ಲಿ ಬಿದ್ದಿತ್ತು. ಮಾಲೆಯ ಒಂದು ಹೂವು ಇನ್ನೂ ಅಂಟಿಕೊಂಡಿತ್ತು. ಬಗ್ಗಿದರೆ ಯಾರ ಕೈಗಾದರೂ ಸಿಗುತ್ತಿತ್ತು. ಹಾಲೇಶ ಸೀಟಿಯನ್ನು ಬಾಯಿಗಿಟ್ಟು ಊದದೇ ನಿಂತಿದ್ದ, ಅವನಿಗೂ ಏನು ಮಾಡಬೇಕು ತಿಳಿಯಲಿಲ್ಲ. ಕರಿಬಸಪ್ಪ ಧೋತರದ ಚುಂಗು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ. ಗಾಳೇಶನ ಗಂಟಲಲ್ಲಿ ಉಗುಳು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅವನಿಗೆ ಹೆದರಿಕೆಯಾಗಿತ್ತು. ಊರಿನಲ್ಲಿ ಅದನ್ನು ನೋಡಿದವಳು ನಾನೊಬ್ಬಳೇ. ಉಳಿದವರ ಕಣ್ಣೆಲ್ಲ ತಮ್ಮ ತಮ್ಮ ಕಾಲಿನ ಮೇಲಿತ್ತು.

ನನ್ನ ಗಂಡ ಮುಂದೆ ಬಂದ.

ಅವನು ಬಗ್ಗಿ ಹಿಡಿಕೆಯನ್ನು ಎತ್ತಿದ. ಇಷ್ಟು ವರ್ಷದಲ್ಲಿ ಈ ಒಂದು ಸಲ, ಅಂದುಕೊಂಡೆ. ಅವನು ಹೆಗಲ ಮೇಲಿನ ಟವೆಲ್ ತೆಗೆದು ಹಿಡಿಕೆಗೆ ಹತ್ತಿದ ಕೆಸರನ್ನು ಒರೆಸಿದ. ಬಾಗಿದ ತುದಿಯನ್ನೂ ಬಿಡದೆ ಒರೆಸಿದ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಗಾಳೇಶನ ಮುಂದೆ ಚಾಚಿದ.

"ನಮ್ಮನ್ನ ಕೈ ಬಿಡಬ್ಯಾಡಣ್ಣಾ," ಅಂದ.

ಊರು ಉಸಿರು ಬಿಟ್ಟಿತು. ಚಪ್ಪಾಳೆ ಬಿತ್ತು. ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು.

ಗಾಳೇಶ ನನ್ನ ಗಂಡನ ಬೆನ್ನು ತಟ್ಟಿದ. "ಯಂಕೇಶ ನನ್ನ ತಮ್ಮ ಇದ್ದಂಗ. ಆಕಿ ಮಾತು ನಾ ಮನಸಿಗೆ ಹಚ್ಕೊಳಂಗಿಲ್ಲ. ಏ ಹಾಲೇಶಾ, ಕಡೀ ತೂಬು ತಗಿ. ಯಂಕೇಶಂದು ಅಷ್ಟ."

ಅಷ್ಟ ಅಂದ. ಇರ್ಫಾನಾ ಜಾಲಿ ಗಿಡದ ಕೆಳಗಿಂದ ತಿರುಗಿ ನಡೆದಳು.

ಹಿಡಿಕೆ ತಿರುಗಿತು, ಗೇಟು ಎದ್ದಿತು. ನಾನು ಗದ್ದೆಗೆ ಬರುವ ಹೊತ್ತಿಗೆ ನೀರೂ ಬಂದಿತ್ತು. ಬಿರಿದ ನೆಲ ಚರಚರ ಸದ್ದು ಮಾಡುತ್ತ ಕುಡಿಯುತ್ತಿತ್ತು. ಪೈರಿನ ಮೇಲೆ ನನಗೇನು ಸಿಟ್ಟು? ಕುಡಿಯಲಿ ಅಂತ ಬಿಟ್ಟೆ. ಕೆಳಗಿನ ಮಡಿಯವರೆಗೆ ನೀರು ನಿಂತ ಮೇಲೆ ಸಲಿಕೆ ತೆಗೆದುಕೊಂಡು ನಜೀಬನ ಗದ್ದೆಗೂ ನಮ್ಮ ಗದ್ದೆಗೂ ನಡುವಿನ ಬದುವಿಗೆ ಹಾಕಿದೆ. ಮಣ್ಣು ಹಸಿಯಾಗಿತ್ತು, ಸುಲಭವಾಗಿ ಕಿತ್ತು ಬಂತು. ನೀರು ಆ ಕಡೆ ನುಗ್ಗಿತು. ಇರ್ಫಾನಾ ಕೊಡ ಒಗೆದು ಓಡಿ ಬಂದು, ತನ್ನ ಕಡೆಯ ಮಣ್ಣನ್ನು ಕೈಯಿಂದಲೇ ಬಗೆಯತೊಡಗಿದಳು.

ದಡದ ಮೇಲಿಂದ ಹಾಲೇಶನ ಸೀಟಿ ಕೇಳಿತು. ನಾನು ತಲೆ ಎತ್ತಲಿಲ್ಲ. ಇನ್ನೂ ಜೋರಾಗಿ ಊದಿದ. ಆಗ ನನ್ನ ಗಂಡ ಇನ್ನೊಂದು ಸಲಿಕೆ ಹಿಡಿದು ಬದುವಿನ ಮೇಲೆ ಓಡೋಡಿ ಬಂದ.

"ಮುಚ್ಚು! ಅವನು ನೋಡ್ತಾನ! ಮುಂದಿನ ಪಾಳಿ ಬಿಡಂಗಿಲ್ಲ!"

"ನೋಡ್ಲಿ."

"ಹುಚ್ಚಿ ಅದಿಯೇನು? ನನ್ನ ಮರ್ಯಾದಿ..."

"ಅದನ್ನ ಮುಂಜಾನಿ ಟವೆಲ್ಲಾಗ ಒರಸಿ ಕೊಟ್ಟು ಬಂದೀಯಲ್ಲ!"

ಅವನು ಬದುವಿನ ಬಾಯಿಗೆ ಮಣ್ಣು ಹಾಕಲು ಸಲಿಕೆ ಎತ್ತಿದ. ನಾನು ಆ ಬಾಯಿಯಲ್ಲೇ ಇಳಿದು ಎರಡೂ ಕಾಲು ಊರಿ ನಿಂತೆ. "ಹಾಕು. ನನ್ನ ಮ್ಯಾಲೆ ಹಾಕು."

ಅವನು ನನ್ನನ್ನು ನೋಡಲಿಲ್ಲ. ತಿರುಗಿ ದಡದ ಕಡೆ ನೋಡಿದ, ಗಾಳೇಶ ನೋಡುತ್ತಿದ್ದಾನೋ ಇಲ್ಲವೋ ಅಂತ. ಗಾಳೇಶ ಅಲ್ಲಿರಲಿಲ್ಲ. ಹೊಟ್ಟೆ ತುಂಬ ಚಪ್ಪಾಳೆ ತಿಂದು ಮನೆಗೆ ಹೋಗಿ ಮಲಗಿದ್ದ. ಗಾಳೇಶನಿಲ್ಲದ ಆ ದಡವನ್ನು ನೋಡಿಕೊಂಡೇ ನನ್ನ ಗಂಡ ಒಂದು ಸಲಿಕೆ ಮಣ್ಣನ್ನು ನನ್ನ ಕಾಲ ಮೇಲೆ ಹಾಕಿದ.

ಮಣ್ಣು ತಣ್ಣಗಿತ್ತು. ನಾನು ಕದಲಲಿಲ್ಲ. ನೀರು ಅದನ್ನು ಕರಗಿಸಿ, ನನ್ನ ಕಾಲ ನಡುವಿನಿಂದ ಇರ್ಫಾನಾಳ ಗದ್ದೆಗೆ ಎಳೆದುಕೊಂಡು ಹೋಯಿತು. ಅವನು ಇನ್ನೊಂದು ಸಲಿಕೆ ತುಂಬಿದ.